ಮಧ್ಯಾಹ್ನ ಮೂರಕ್ಕೆ ಆಫ್ ಆಗುವ ಫೋನು

ಸಿಂಗಸಂದ್ರದ ನನ್ನ ರೂಮಿನ ಓನರ್ ನಾಗಲಕ್ಷ್ಮಮ್ಮ ದಿನಾ ಮಧ್ಯಾಹ್ನ ಮೂರಕ್ಕೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಬರುತ್ತಿದ್ದರು. ನಾನು ಲೈಟು ಹಾಕಿಟ್ಟು ಹೋಗಿದ್ದರೆ ತಮ್ಮ ಹತ್ತಿರವಿದ್ದ ಕೀಯಿಂದ ಬೀಗ ತೆಗೆದು, ಅರಿಶಿನ ಹತ್ತಿದ ಕೈಯಲ್ಲೇ ಆರಿಸುತ್ತಿದ್ದರು. "ಸುಮ್ಕೆ ಯಾಕಪ್ಪ ಉರುಸ್ತೀಯಾ?" ಎಂದು ಸಂಜೆ ಬೈದು, ಬಿಸಿ ಮುದ್ದೆಯನ್ನೂ ಕೊಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ನನ್ನ ಹಳೇ ಫೋನಿನ ಆಂಡ್ರಾಯ್ಡ್ ತೆಗೆದು ಲಿನಕ್ಸ್ ಹಾಕಿದೆ. ಚಾರ್ಜು ಅರ್ಧ ದಿನವೂ ನಿಲ್ಲುತ್ತಿರಲಿಲ್ಲ. ರೂಮಿನಲ್ಲಿ ಬಿಟ್ಟು ಹೋದ ದಿನ ಮಾತ್ರ, ಸಂಜೆ ಬಂದು ನೋಡಿದರೆ ವೈಫೈ, ಬ್ಲೂಟೂತ್ ಎರಡೂ ಆಫ್, ಚಾರ್ಜು ಹಾಗೇ ಉಳಿದಿರುತ್ತಿತ್ತು. ಪರದೆಯ ಮೇಲೆ ಅರಿಶಿನದ ವಾಸನೆ. ಅವರ ಕೀಯೂ ಈಗ ನನ್ನ ಜೇಬಿನಲ್ಲೇ ಇರುತ್ತದೆ.

ಈಚೆಗೆ ಬೇಕೆಂದೇ ಎಲ್ಲ ಆನ್ ಮಾಡಿಟ್ಟು, "ಬರ್ತೀನಮ್ಮ" ಎಂದು ಬೀಗ ಹಾಕುತ್ತೇನೆ.

ನಿನ್ನೆ ಫೋನು ತಾನಾಗಿ ಬರೆದಿಡುವ ದಾಖಲೆ ತೆಗೆದು ನೋಡಿದೆ. ರೂಮಿನಲ್ಲಿ ಬಿಟ್ಟು ಹೋದ ದಿನವೆಲ್ಲ ಮಧ್ಯಾಹ್ನ ಮೂರು ಗಂಟೆಗೆ ಪರದೆಯನ್ನು ಒಂದು ಬೆರಳು ಮುಟ್ಟಿದೆ.