ನಕ್ಷೆಯಿಂದ ಮರೆಯಾದ ಬೋಟು

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಂಗೊಳ್ಳಿಯ ಪುಷ್ಪ ಮೊಬೈಲು ಹಿಡಿದುಕೊಂಡು ಕುಂದಾಪುರ ಠಾಣೆಗೆ ಓಡಿಬಂದಳು.

"ಗಂಡನ ಬೋಟ್ ಕಾಣ್ತಿಲ್ಲೆ ಮೇಡಂ. ಕಡಲಂಗೆ ಗಾಳಿ ಎದ್ದಿತ್. ಫೋನೂ ತಾಗ್ತಿಲ್ಲೆ."

ಎಸ್‌ಐ ವಿನಯಾ ಮೊಬೈಲು ನೋಡಿದರು. ಬ್ರಹ್ಮಾವರದ ಸಣ್ಣ ಕಂಪನಿಯೊಂದು ಮೀನುಗಾರರಿಗಾಗಿ ಮಾಡಿದ ಆ್ಯಪ್ ಅದು. ಮೀನಿನ ದರ ಬರುತ್ತಿತ್ತು, ಗಾಳಿಯ ಎಚ್ಚರಿಕೆಯೂ ಬರುತ್ತಿತ್ತು. ಯಾವ ಬೋಟು ಎಲ್ಲಿದೆ ಎಂದು ತೋರಿಸುವ ನಕ್ಷೆ ಮಾತ್ರ ಖಾಲಿ.

"ಯಾವಾಗಿನಿಂದ ಹೀಗೆ?"

"ಅವ್ರ್ ಹೊರಡುಕ್ ಮುಂಚಿಂದ. ನಕ್ಷೆ ಮಾಡಿದ್ ನನ್ ಮೈದುನ ಉಲ್ಲಾಸನೇ. ಕೇಳ್ರೆ, ಅಣ್ಣಂಗೆ ಎಂತ ಆತಿಲ್ಲೆ, ಹೆದ್ರಬೇಡಿ ಅಂತ."

ದೂರು ದಾಖಲಾಯಿತು. ಕರಾವಳಿ ಕಾವಲಿನ ದೋಣಿ ಹೊರಡಲು ಸಿದ್ಧವಾಗಿತ್ತು. ಆದರೆ ತೆಂಕಕ್ಕೋ, ಬಡಗಕ್ಕೋ? ದಿಕ್ಕು ತಪ್ಪಿದರೆ ಪುಷ್ಪಳ ಗಂಡ ಚಂದುವಿನ ಜೀವದ ಜೊತೆ ಹುಡುಕಲು ಹೋದವರ ಜೀವವೂ ಹೋದೀತು. ದಿಕ್ಕು ಹೇಳಬಲ್ಲದ್ದು ಆ ನಕ್ಷೆ ಮಾತ್ರ. ವಿನಯಾ ಕಾನ್‌ಸ್ಟೇಬಲ್ ರಾಜೇಂದ್ರನನ್ನು ಕರೆದುಕೊಂಡು ಜೀಪಿನಲ್ಲಿ ಬ್ರಹ್ಮಾವರಕ್ಕೆ ಧಾವಿಸಿದರು.

ಕಂಪನಿಯ ಮಾಲಕ ಕೀರ್ತನ್ ಬೆವರೊರೆಸುತ್ತ ವಿವರಿಸಿದ. "ಇಡೀ ಆ್ಯಪ್ ಒಂದೇ ಗಂಟಲ್ಲ ಮೇಡಂ. ಮೈಕ್ರೋಸರ್ವಿಸ್ ಅಂತೇವೆ. ದರಕ್ಕೊಂದು, ಎಚ್ಚರಿಕೆಗೊಂದು, ನಕ್ಷೆಗೊಂದು. ಒಂದು ನಿಂತರೂ ಉಳಿದವು ನಡೀತವೆ."

"ಕೂಡುಕುಟುಂಬ ಪಾಲಾಗಿ ಬೇರೆ ಬೇರೆ ಒಲೆ ಹೂಡಿದಂಗೆ," ಎಂದ ರಾಜೇಂದ್ರ.

"ಹೌದು. ನಕ್ಷೆಯದ್ದು ಪೂರಾ ಉಲ್ಲಾಸನ ಕೆಲಸ. ಬೆಳಿಗ್ಗೆಯಿಂದ ರಿಪೇರಿ ಮಾಡ್ತಿದ್ದಾನೆ."

ಉಲ್ಲಾಸ್ ಕಂಪ್ಯೂಟರಿನ ಮುಂದೆ ತಲೆ ತಗ್ಗಿಸಿ ಕೂತಿದ್ದ.

"ಅಣ್ಣನಿಗೆ ಏನೂ ಆಗಿಲ್ಲ ಅಂತ ಹೇಗೆ ಗೊತ್ತು?" ವಿನಯಾ ಕೇಳಿದರು.

"ಅತ್ತಿಗೆಗೆ ಧೈರ್ಯ ಬರ್ಲಿ ಅಂತ ಹೇಳಿದ್ದ್."

"ಸರಿ. ಕಾವಲಿನ ದೋಣಿಯನ್ನು ತೆಂಕಕ್ಕೆ, ಮಲ್ಪೆ ಕಡೆ ಕಳಿಸುತ್ತೇನೆ."

ಉಲ್ಲಾಸ್ ದಡಕ್ಕನೆ ಎದ್ದ. "ಬ್ಯಾಡ ಮೇಡಂ! ಅಣ್ಣ ಅಲ್ಲಿಲ್ಲೆ. ಬಡಗಲ್ಲಿ, ಶಿರೂರ್ ಹೊಳೆ ಅಳಿವೆ ಒಳಗ್ ನಿಂತಿದ."

"ಅಂದರೆ ನಿನಗೆ ಕಾಣುತ್ತದೆ. ಊರಿಗೆ ಕಾಣುವುದಿಲ್ಲ."

ಅವನು ಪರದೆಯನ್ನು ಅವರತ್ತ ತಿರುಗಿಸಿದ. ಎಲ್ಲ ಬೋಟುಗಳೂ ಅಲ್ಲಿದ್ದವು. ಚಂದುವಿನದು ಬೈಂದೂರಿನಾಚೆಯ ಶಿರೂರಿನಲ್ಲಿ, ದಡಕ್ಕೆ ತಾಗಿಕೊಂಡು ಸುಮ್ಮನೆ ನಿಂತಿತ್ತು. ವಿನಯಾ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಹೋದ ಜೀವ ಬಂದಂತಾಯಿತು.

"ಮೊದಲು ನಕ್ಷೆ ಶುರು ಮಾಡು."

ನಕ್ಷೆ ಎದ್ದಿತು. ರಾಜೇಂದ್ರ ಠಾಣೆಗೆ ಫೋನು ಮಾಡಿ ಹೇಳಿದಾಗ ಪುಷ್ಪ ಅಳುತ್ತಲೇ ನಕ್ಕಳು. ಕಂಪ್ಯೂಟರನ್ನು ಪಂಚನಾಮೆ ಬರೆದು ವಶಕ್ಕೆ ಪಡೆಯಲಾಯಿತು. ಕೀರ್ತನ್ ಕೊಟ್ಟ ದೂರಿನ ಮೇಲೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ಆಗಿ, ಉಲ್ಲಾಸನ ಬಂಧನವಾಯಿತು.

"ಬೇಕೆಂದೇ ನಕ್ಷೆ ಯಾಕೆ ನಿಲ್ಲಿಸಿದೆ?" ಠಾಣೆಯಲ್ಲಿ ವಿನಯಾ ಕೇಳಿದರು.

"ಮೀನ್ ಸಿಕ್ಕಿದ್ ಜಾಗ ಯಾರಾರೂ ಹೇಳ್ತ್ರಾ ಮೇಡಂ? ನನ್ ನಕ್ಷೆ ಊರಿಗೆಲ್ಲ ಹೇಳ್ತ್. ಅಣ್ಣ ಬಲೆ ಬಿಟ್ರೆ ಸಾಕ್, ಉಳ್ದ್ ಬೋಟೆಲ್ಲ ಅಲ್ಲಿಗೇ. ಅವ ನನ್ ಹತ್ರ ಮಾತೇ ಬಿಟ್ಟ. ಒಂದಿನ ಆದ್ರೂ ನಿರಾಳ ಮೀನ್ ಹಿಡೀಲಿ ಅಂದೆ. ಗಾಳಿ ಎದ್ದ್ ಮೇಲೆ ಹೇಳುಕ್ ಹೆದ್ರಿಕೆ ಆಯ್ತ್."

ಸಂಜೆ ಯಾರದೋ ಫೋನಿನಿಂದ ಚಂದು ಠಾಣೆಗೆ ಕರೆ ಮಾಡಿದ. ಹೆಂಡತಿಯ ಜೊತೆ ಮಾತಾಡಿ, ನಡೆದದ್ದನ್ನೆಲ್ಲ ಕೇಳಿಕೊಂಡು, ತಮ್ಮನಿಗೆ ಫೋನು ಕೊಡಲು ಹೇಳಿದ. ವಿನಯಾ ತಲೆಯಾಡಿಸಿ ಒಪ್ಪಿದರು.

"ಎಂತ ಮರಾಯ," ಎಂದಿತು ಆಚೆಯ ದನಿ, "ಉಂಡ್ಯಾ?"

"ಇಲ್ಲೆ ಅಣ್ಣ," ಎಂದ ಉಲ್ಲಾಸ್. ವಿನಯಾ ರಾಜೇಂದ್ರನ ಕಡೆ ತಿರುಗಿ, ಹೋಟೆಲಿನಿಂದ ಒಂದು ಊಟ ತರಿಸಲು ಹೇಳಿದರು.