ಖಾಣಿಯಿಂದ ಬಂದ ಬಂಡಿ

ನಿಜಾಮರ ಕಾಲದಲ್ಲಿ ನಾನು ಶಹಾಬಾದಿನ ಸಣ್ಣದೊಂದು ದವಾಖಾನೆಯಲ್ಲಿ ಡಾಕ್ಟರಾಗಿದ್ದಾಗ ನಡೆದದ್ದಿದು. ಬೇಸಿಗೆಯ ಒಂದು ಮಧ್ಯಾಹ್ನ ಕಲ್ಲಿನ ಖಾಣಿ ಕುಸಿದು, ಅಣ್ಣತಮ್ಮಂದಿರಿಬ್ಬರನ್ನು ಒಂದೇ ಬಂಡಿಯಲ್ಲಿ ಹಾಕಿಕೊಂಡು ಬಂದರು. ಅಣ್ಣ ಭೀಮಶಾನ ತಲೆ ಒಡೆದಿತ್ತು, ಎದೆಗೂ ಕಾಲಿಗೂ ಪೆಟ್ಟಾಗಿತ್ತು. ತಮ್ಮ ಸಾಯಬಣ್ಣನಿಗೆ ಪ್ರಜ್ಞೆ ತಪ್ಪಿತ್ತು. ಮೈಮೇಲೆ ಮಾತ್ರ ತರಚು ಗಾಯಗಳಷ್ಟೇ.

ಸಹಜವಾಗಿಯೇ ನಾನು ಮೊದಲು ಭೀಮಶಾನ ಕಡೆಗೆ ಬಾಗಿದೆ. ಅವನು ನನ್ನ ಮುಂಗೈ ಹಿಡಿದ. ತಗಡಿನ ಮಾಡು ಕಾದು ಚಟಗುಟ್ಟುವ ಆ ಬಿಸಿಲಲ್ಲೂ ಅವನ ಕೈ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು.

“ನನಗ ಬಿಡ್ರಿ ಸಾಹೇಬ್ರ, ತಮ್ಮಗ ನೋಡ್ರಿ. ಅವನ ಹೊಟ್ಟ್ಯಾಗ ರಕ್ತ ತುಂಬಲಿಕತ್ತದ.”

ಅಷ್ಟು ಹತ್ತಿರ ಬಾಗಿದ್ದರೂ ಅವನ ಉಸಿರು ನನ್ನ ಮುಖಕ್ಕೆ ತಾಗಲಿಲ್ಲ. ಹಣೆಯ ಗಾಯದಿಂದ ರಕ್ತವೂ ಇಳಿಯುತ್ತಿರಲಿಲ್ಲ. ಅದನ್ನೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ. ತಮ್ಮನ ಹೊಟ್ಟೆ ಮುಟ್ಟಿದರೆ ಹಲಗೆಯಂತೆ ಬಿಗಿದಿತ್ತು. ಕೂಡಲೇ ಕೊಯ್ದೆ. ಒಳಗೆ ಎಡಪಕ್ಕೆಯ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ರಕ್ತ ಮಡುಗಟ್ಟಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಅವನು ಉಳಿಯುತ್ತಿರಲಿಲ್ಲ.

ಹೊರಗೆ ಬಂದಾಗ ಭೀಮಶಾ ಸೆಟೆದು ಮಲಗಿದ್ದ. ಮರುದಿನ ಶವ ಕೊಯ್ದು ನೋಡಿದೆ. ತಲೆಬುರುಡೆಯ ಬುಡ ಸೀಳಿತ್ತು, ಕತ್ತಿನ ಎಲುಬು ಪೂರಾ ತುಂಡಾಗಿತ್ತು. ಅಂಥ ಪೆಟ್ಟು ಬಿದ್ದವನು ಬಂಡಿ ಹತ್ತುವವರೆಗೂ ಬದುಕಿರುವುದಿಲ್ಲ.

ಸಾಯಬಣ್ಣ ಚೇತರಿಸಿಕೊಂಡು ಎದ್ದು ಕೂತ ಮೇಲೆ, ಅವನ ಜೀವ ಉಳಿಸಿದ್ದು ಅಣ್ಣನ ಮಾತು ಎಂದು ಹೇಳಿದೆ. ಅವನು ತಲೆಯಲ್ಲಾಡಿಸಿದ.

“ಅಣ್ಣ ಖಾಣ್ಯಾಗೇ ಸತ್ತಿದ್ದನ್ರಿ, ನಾ ಕಣ್ಣಾರೆ ನೋಡೀನಿ. ಅವನ ಹೆಣ ಹೊರಗ ಎಳೀಲಿಕ್ಕೆ ಹೋದಾಗ ಮತ್ತೊಂದು ಕಲ್ಲು ಜಾರಿ ನನ್ನ ಹೊಟ್ಟಿ ಮ್ಯಾಲ ಬಿತ್ತು.”