ಕೆಂಪವ್ವನ ಸೆರಗು ಕತ್ತರಿಸಿದವನು

"ನೀವಾ?! ಕೆಂಪವ್ವನ ಶಕ್ತಿ ಕಡಿಮೆ ಮಾಡಿದ್ದು ನೀವಾ?"

ತನುಶ್ರೀ ಹೀಗೆ ಕೂಗಿದ್ದು ತುಮಕೂರಿನ ಬಟವಾಡಿಯ ತನ್ನ ಮನೆಯ ಟೆರೇಸಿನ ಮೇಲೆ. ಅದೂ ತನ್ನನ್ನು ನೋಡಲು ಬಂದಿದ್ದ ಗಂಡಿನ ಮುಖಕ್ಕೆ!

ಕೆಳಗೆ ಹಾಲ್‌ನಲ್ಲಿ ಎರಡೂ ಕಡೆಯ ಹಿರಿಯರು ಬಜ್ಜಿ, ಕೇಸರಿಬಾತು ತಿನ್ನುತ್ತಾ ಕೂತಿದ್ದರು. "ಹುಡುಗ ಹುಡುಗಿ ಒಂದೈದು ನಿಮಿಷ ಮಾತಾಡ್ಕೊಳ್ಳಲಿ" ಎಂದು ಅಮ್ಮ ಶಶಿಕಲಾ ಇಬ್ಬರನ್ನೂ ಮೇಲೆ ಅಟ್ಟಿದ್ದರು.

ಹುಡುಗನ ಹೆಸರು ನಾಗಭೂಷಣ್, ಕುಣಿಗಲ್‌ನವನು. ತುಮಕೂರಿನಲ್ಲೇ ಕಂಪ್ಯೂಟರ್ ಕೆಲಸ ಎಂದಷ್ಟೇ ಬ್ರೋಕರ್ ಹೇಳಿದ್ದ. ಎಂಥ ಕೆಲಸ ಎಂದು ತನುಶ್ರೀ ಕೇಳಿದಳು. ಪಾಪ, ಅವನು ನಿಜ ಹೇಳಿಬಿಟ್ಟ.

"ಮೊಬೈಲ್ ಗೇಮ್ ಮಾಡ್ತೀವಿ. ರಣಕೋಟೆ ಅಂತ. ಅದರಲ್ಲಿ ಯಾವ ಪಾತ್ರಕ್ಕೆ ಎಷ್ಟು ಶಕ್ತಿ ಇರಬೇಕು ಅಂತ ನೋಡೋದು ನನ್ನ ಕೆಲಸ. ತುಂಬಾ ಗೆಲ್ತಿದ್ರೆ ಸ್ವಲ್ಪ ಇಳಿಸ್ತೀವಿ. ಸೋಲ್ತಾನೇ ಇದ್ರೆ ಏರಿಸ್ತೀವಿ. ಹೋದ ವಾರ ಕೆಂಪವ್ವ ಅನ್ನೋ ಪಾತ್ರಾನ ಇಳಿಸಿದ್ವಿ..."

ಮುಂದೆ ಹೇಳಲು ಅವಳು ಬಿಡಬೇಕಲ್ಲ!

ರಣಕೋಟೆಯಲ್ಲಿ ಐದೈದು ಜನರ ಎರಡು ತಂಡ. ಎದುರಿನವರ ಕೋಟೆ ಹಿಡಿದವರು ಗೆದ್ದಂತೆ. ಅದರಲ್ಲಿ ಕೆಂಪವ್ವ ಯಾರನ್ನೂ ಹೊಡೆಯುವವಳಲ್ಲ. ತನ್ನ ಕೆಂಪು ಸೆರಗನ್ನು ಹಾಸುತ್ತಾಳೆ. ಅದರ ನೆರಳಲ್ಲಿ ನಿಂತ ತನ್ನವರನ್ನು ಸೆರಗು ಮಡಚುವವರೆಗೂ ಯಾರೂ ಕೊಲ್ಲುವಂತಿಲ್ಲ. ಕ್ಲಿನಿಕ್ಕಿನ ಲ್ಯಾಬಿನಲ್ಲಿ ಹಗಲೆಲ್ಲ ರಕ್ತ ತೆಗೆದು ಸುಸ್ತಾಗಿ ಬರುವ ತನುಶ್ರೀ, ಸಂಜೆಯಾದರೆ ಆ ಕೆಂಪವ್ವನೇ ಆಗಿಬಿಡುತ್ತಿದ್ದಳು. ಬೇರೆ ಪಾತ್ರ ಅವಳಿಗೆ ಬರುತ್ತಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಆರು ಸೆಕೆಂಡ್ ಇದ್ದ ಸೆರಗನ್ನ ನಾಲ್ಕಕ್ಕೆ ತಂದಿದೀರ! ಕಣ್ಣು ಮಿಟುಕಿಸೋದ್ರಲ್ಲಿ ಮಾಯ! ಯಾಕ್ರೀ?"

"ಅವಳು ಜಾಸ್ತಿ ಗೆಲ್ತಿದ್ಲು..." ನಾಗಭೂಷಣ್ ಒಂದು ಹೆಜ್ಜೆ ಹಿಂದೆ ಸರಿದ. ಆದರೆ ತನ್ನ ಕೆಲಸದ ಮಾತು ಬಂತೆಂದರೆ ಅವನಿಗೆ ಜಗತ್ತೇ ಮರೆತು ಹೋಗುತ್ತಿತ್ತು. "ಅದರಲ್ಲೂ ಒಬ್ಬ ಪ್ಲೇಯರ್ ಇದಾರೆ. ಅವರ ಆಟಗಳನ್ನ ಊಟ ಬಿಟ್ಟು ನೋಡಿದೀನಿ. ಅಬ್ಬಾ, ಏನ್ ಆಡ್ತಾರೆ ಗೊತ್ತಾ! ಅವರ ಕೈಲಿ ಕೆಂಪವ್ವ ಇದ್ರೆ ಎದುರಿಗಿರೋರು ಸುಮ್ನೆ ಮನೆಗೆ ಹೋಗಬಹುದು. ಅವರನ್ನ ನೋಡಿ ನೋಡಿನೇ ಇಳಿಸಿದ್ದು. ಐಡಿ ಏನೋ... ಹಾಂ, ಬಟವಾಡಿ ಬೆಂಕಿ..."

ಮಾತು ಅಲ್ಲಿಗೇ ನಿಂತಿತು. ತಾನು ಯಾವ ಏರಿಯಾದಲ್ಲಿ ನಿಂತಿದ್ದೇನೆ ಎನ್ನುವುದು ಆ ಮಹಾನುಭಾವನಿಗೆ ಆಗ ಹೊಳೆಯಿತು!

"ಆ ಬಟವಾಡಿ ಬೆಂಕಿ ನಾನೇ ಕಣ್ರೀ!"

ತನುಶ್ರೀಗೆ ಮೈಯೆಲ್ಲ ಉರಿದುಹೋಯಿತು. 'ನನ್ನ ಆಟ ನೋಡಿ ನನ್ನ ಕೈಯನ್ನೇ ಕತ್ತರಿಸಿದನಾ ಇವನು?'

"ನಾನು ಕಷ್ಟಪಟ್ಟು ಕಲ್ತಿದ್ದಕ್ಕೆ ನನಗೇ ಶಿಕ್ಷೆನಾ? ಚೆನ್ನಾಗಿ ಆಡೋದು ತಪ್ಪಾ? ಇನ್ನು ಹದಿನೈದು ದಿನಕ್ಕೆ ನಮ್ಮ ಟೀಮಿಗೆ ಫೈನಲ್ ಇದೆ. ನನ್ನ ಜಾಗ ಹೋದ್ರೆ ನೀವು ಕೊಡ್ತೀರಾ?"

"ಅದು ಶಿಕ್ಷೆ ಅಲ್ಲ ರೀ... ಸ್ವಲ್ಪ ಕೇಳಿ..."

"ಏನೂ ಕೇಳಲ್ಲ! ನಡೀರಿ ಕೆಳಗೆ!"

ಧಡಧಡ ಮೆಟ್ಟಿಲಿಳಿದು ಬಂದವಳು ಹಾಲ್‌ನ ನಡುವೆ ನಿಂತು, "ಅಪ್ಪ, ನನಗೆ ಈ ಸಂಬಂಧ ಬೇಡ" ಎಂದುಬಿಟ್ಟಳು. ಅಪ್ಪ ಗಂಗರಾಜು ಕೈಯಲ್ಲಿದ್ದ ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಂತರು.

"ಅಯ್ಯೋ, ಏನಾಯ್ತು ಮಗಾ?" ಎಂದರು ನಾಗಭೂಷಣನ ತಾಯಿ ಪುಟ್ಟತಾಯಮ್ಮ, ಗಾಬರಿಯಿಂದ.

"ನಿಮ್ಮ ಮಗನ್ನೇ ಕೇಳಿ ಆಂಟಿ!"

ಅವನು ಏನಾದರೂ ದೂರು ಹೇಳುತ್ತಾನೆ, ಆಗ ಇನ್ನೊಂದಿಷ್ಟು ಜಾಡಿಸೋಣ ಎಂದು ಕಾದಳು. ಅವನು ತಲೆ ತಗ್ಗಿಸಿ, "ತಪ್ಪು ನಂದೇ ಅಮ್ಮ, ನಡೀರಿ" ಎಂದು ಚಪ್ಪಲಿ ಮೆಟ್ಟಿಕೊಂಡ.

ಅದು ಅವಳ ಕೋಪವನ್ನು ಇನ್ನೂ ಹೆಚ್ಚಿಸಿತು. ಜಗಳವಾಡಲೂ ಬಾರದವನು!

* * *

ಅವಳಿಗೆ ಯಾವುದರ ಭಯವಿತ್ತೋ ಅದೇ ಆಯಿತು. ಮರುದಿನವೇ ಸುಶ್ಮಿತಾ ಅವಳನ್ನು ಗುಬ್ಬಿಯ ತನ್ನ ಮನೆಗೆ ಕರೆಸಿಕೊಂಡಳು.

ಸುಶ್ಮಿತಾ ಅವಳ ಕಾಲೇಜು ಗೆಳತಿ, ಈಗ ತಂಡದ ಕ್ಯಾಪ್ಟನ್. ಐದೂ ಜನ ಹುಡುಗಿಯರೇ ಇರುವ ತಂಡ ಅವರದು. ಹೋದ ವರ್ಷವೂ ಫೈನಲ್ ತಲುಪಿ ಸೋತಿದ್ದರು. ಕಾರಣ ತನುಶ್ರೀಗೆ ಚೆನ್ನಾಗಿ ಗೊತ್ತಿತ್ತು. ಫೈನಲ್‌ನಲ್ಲಿ ಆಟ ಶುರುವಾಗುವ ಮುಂಚೆ ಪ್ರತಿ ತಂಡವೂ ಎರಡು ಪಾತ್ರಗಳನ್ನು ಬ್ಲಾಕ್ ಮಾಡಬಹುದು. ಆ ಪಾತ್ರಗಳನ್ನು ಆ ದಿನ ಯಾರೂ ಆಡುವಂತಿಲ್ಲ. ಎದುರಿನವರು ಮೊದಲು ಬ್ಲಾಕ್ ಮಾಡಿದ್ದೇ ಕೆಂಪವ್ವನನ್ನು. ತನುಶ್ರೀ ಗೊತ್ತಿಲ್ಲದ ಪಾತ್ರ ಹಿಡಿದು ತಡಬಡಾಯಿಸಿ, ಎಲ್ಲರನ್ನೂ ಮುಳುಗಿಸಿದ್ದಳು.

"ನೋಡೇ, ಈ ಸಲಾನೂ ಅವಳನ್ನ ಬ್ಲಾಕ್ ಮಾಡೇ ಮಾಡ್ತಾರೆ" ಎಂದಳು ಸುಶ್ಮಿತಾ. "ಮಾಡ್ದೇ ಇದ್ರೂ ಏನ್ ಬಂತು? ನಾಲ್ಕು ಸೆಕೆಂಡಿನ ಸೆರಗು ಇಟ್ಕೊಂಡು ಏನ್ ಮಾಡ್ತೀಯ? ಬೇರೆ ಪಾತ್ರ ಕಲಿ. ಇಲ್ಲಾಂದ್ರೆ ನಿನ್ ಜಾಗಕ್ಕೆ ಬೇರೆಯೋರನ್ನ ಹಾಕ್ತೀನಿ."

"ಹಾಕ್ತೀಯಾ? ಎರಡು ವರ್ಷ ನಿನ್ನ ಪ್ರಾಣ ಉಳಿಸ್ಕೊಂಡು ಬಂದೋಳು ನಾನು ಕಣೇ!"

"ಹಳೇ ಕೆಂಪವ್ವ ಉಳಿಸಿದ್ದು. ಆ ಕೆಂಪವ್ವ ಈಗಿಲ್ಲ."

ಅಳಬಾರದು ಎಂದುಕೊಂಡಷ್ಟೂ ತನುಶ್ರೀಯ ಕಣ್ಣು ತುಂಬಿತು. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದರು, ಇಲ್ಲಿ ಗೆಳತಿ ಜಾಗ ಬಿಡು ಎನ್ನುತ್ತಿದ್ದಳು. ಎಲ್ಲದಕ್ಕೂ ಆ ಕುಣಿಗಲ್ಲಿನವನೇ ಕಾರಣ!

"ಬಿಡಲ್ಲ! ಫೈನಲ್ ಆಡ್ತೀನಿ. ಸೋತ್ರೆ ನೀನೇನು ನನ್ನ ಕಳ್ಸೋದು, ನಾನೇ ಟೀಮ್ ಬಿಟ್ಟು ಹೋಗ್ತೀನಿ. ಆಯ್ತಾ?"

ಸುಶ್ಮಿತಾ ಅವಳನ್ನೇ ದಿಟ್ಟಿಸಿದಳು. "ಮಾತು ಕೊಟ್ಟಿದೀಯ. ಆಮೇಲೆ ಗೊಳೋ ಅನ್ಬೇಡ."

* * *

ಆ ವಾರವೇ ನಾಗಭೂಷಣ್ ಕ್ಲಿನಿಕ್ಕಿಗೆ ಬಂದ. ಶುಗರ್ ಟೆಸ್ಟ್ ಮಾಡಿಸಬೇಕು ಎಂದು ರಸೀದಿ ಮಾಡಿಸಿಕೊಂಡು, ಸಾಲಿನಲ್ಲಿ ಕೂತು, ತನ್ನ ಸರದಿ ಬಂದಾಗ ಅಂಗಿಯ ತೋಳು ಮಡಚಿಕೊಂಡು ಅವಳ ಎದುರಿಗೆ ಬಂದು ಕೂತ. ಅವನಿಗೆ ಶುಗರ್ರೂ ಇಲ್ಲ, ಮಣ್ಣೂ ಇಲ್ಲ!

"ನಿಮ್ಮ ಹತ್ರ ಮಾತಾಡೋಕೆ ಬೇರೆ ದಾರಿ ಗೊತ್ತಾಗ್ಲಿಲ್ಲ" ಎಂದ ಮೆಲ್ಲಗೆ. "ಅವತ್ತು ಮಾತಾಡಿದ್ದಕ್ಕೆ ಸಾರಿ."

ತನುಶ್ರೀ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ.

"ಸಾರಿ ಬೇಡ. ಸೆರಗು ವಾಪಸ್ ಕೊಡಿ."

"ಅದಾಗಲ್ಲ. ಒಬ್ಬರು ಬೈದ್ರು ಅಂತ ವಾಪಸ್ ಮಾಡಿದ್ರೆ, ಉಳಿದೋರಿಗೆ ಕಂಪನಿ ಏನಂತ ಹೇಳ್ಬೇಕು?"

"ಹಂಗಾದ್ರೆ ಒಂದೇ ಒಂದು ಹೇಳಿ" ಎಂದಳು. ಸ್ವರ ಅವಳಿಗೇ ತಿಳಿಯದೆ ಇಳಿದಿತ್ತು. "ಫೈನಲ್‌ನಲ್ಲಿ ಕೆಂಪವ್ವನ್ನೇ ನಂಬ್ಕೊಳ್ಳಲಾ, ಬೇರೆ ಕಲೀಲಾ? ಯಾರು ಯಾರನ್ನ ಬ್ಲಾಕ್ ಮಾಡ್ತಿದಾರೆ ಅಂತ ನಿಮಗೆ ಗೊತ್ತೇ ಇರುತ್ತಲ್ವಾ? ನನ್ನ ಜಾಗ ಹೋಗುತ್ತೆ ರೀ..."

ನಾಗಭೂಷಣ್ ಬಾಯಿ ತೆರೆದ. ಅವಳ ಕಣ್ಣಿನಲ್ಲಿದ್ದ ಆತಂಕ ನೋಡಿ ಅವನ ಕರುಳು ಚುರ್ ಎಂದಿತು. ಆದರೂ ತಲೆ ಅಲ್ಲಾಡಿಸಿದ.

"ಗೊತ್ತು. ಹೇಳೋ ಹಾಗಿಲ್ಲ. ಫೈನಲ್ ಮುಗಿಯೋವರೆಗೂ ನಾನು ನಿಮ್ಮ ಹತ್ರ ಆಟದ ಮಾತೇ ಆಡೋ ಹಾಗಿಲ್ಲ."

"ಆಟ ಬಿಟ್ರೆ ನಮ್ಮಿಬ್ಬರ ಮಧ್ಯೆ ಮಾತಾಡೋಕೆ ಏನ್ರೀ ಇದೆ?"

"ಅದನ್ನ ಮಾತಾಡೋಣ ಅಂತಲೇ ಬಂದೆ..."

ತನುಶ್ರೀ ಬಿಗಿದ ಪಟ್ಟಿಯನ್ನು ಅರಿವಿಲ್ಲದೆ ಕೊಂಚ ಸಡಿಲಿಸಿದಳು. ಮರುಕ್ಷಣವೇ ಸಿಟ್ಟು ನೆತ್ತಿಗೇರಿತು. ತಾನು ಮುಳುಗುತ್ತಿದ್ದೇನೆ, ಇವನಿಗೆ ಪ್ರೇಮಾಲಾಪ ಬೇಕಂತೆ!

"ಮುಷ್ಟಿ ಬಿಗಿ ಹಿಡೀರಿ!" ಎಂದು ಸೂಜಿ ಚುಚ್ಚಿಯೇಬಿಟ್ಟಳು.

ಅವನು ಹತ್ತಿ ಒತ್ತಿ ಹಿಡಿದು ಎದ್ದು ಹೋಗುವಾಗ, "ಆಲ್ ದಿ ಬೆಸ್ಟ್" ಎಂದಷ್ಟೇ ಹೇಳಿದ. ಅವಳು ಮುಖ ತಿರುಗಿಸಿ, "ನೆಕ್ಸ್ಟ್!" ಎಂದು ಕೂಗಿದಳು.

ಆಮೇಲಿನದೆಲ್ಲ ಬರೀ ಕೋಪದ ಆಟ. ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ಮೊಬೈಲ್ ಹಿಡಿದು ಹಟದಿಂದ ಕೆಂಪವ್ವನನ್ನೇ ಆಡುತ್ತಾ ಕೂತುಬಿಡುತ್ತಿದ್ದಳು. ಮೊದಮೊದಲು ಬರೀ ಸೋಲು. ಶತ್ರು ಕಂಡ ಕೂಡಲೇ ಸೆರಗು ಹಾಸುವುದು ಅವಳ ಅಭ್ಯಾಸ. ಆರು ಸೆಕೆಂಡು ಇದ್ದಾಗ ಅದು ನಡೆಯುತ್ತಿತ್ತು. ಈಗ ಪೆಟ್ಟು ಬೀಳುವ ಹೊತ್ತಿಗೆ ಸೆರಗು ಮಡಚಿಕೊಂಡಿರುತ್ತಿತ್ತು. ಕಾಯಬೇಕಿತ್ತು. ತನ್ನವರು ಇನ್ನೇನು ಸತ್ತರು ಎನ್ನುವವರೆಗೂ ಕೈ ತಡೆಯಬೇಕಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹುಡುಗಿಗೆ ಕಾಯುವುದೆಂದರೆ ಸಾಮಾನ್ಯವೇ? ಬೈದುಕೊಂಡು, ಹಲ್ಲು ಕಚ್ಚಿಕೊಂಡು, ಅಂತೂ ಕಲಿತಳು.

* * *

ಫೈನಲ್ ನಡೆದದ್ದು ಭಾನುವಾರ, ತುಮಕೂರಿನ ಒಂದು ಸಭಾಂಗಣದಲ್ಲಿ. ಎದುರು ಮೈಸೂರಿನ ಹುಡುಗರ ತಂಡ. ಹಿಂದಿನ ಸಾಲಿನಲ್ಲಿ, ಗೇಮ್ ಕಂಪನಿಯವರ ಮಧ್ಯೆ ನಾಗಭೂಷಣ್ ಕೂತಿದ್ದ. ತನುಶ್ರೀ ನೋಡಿಯೂ ನೋಡದಂತೆ ಹೋಗಿ ಕೂತಳು.

ದೊಡ್ಡ ಪರದೆಯ ಮೇಲೆ ಬ್ಲಾಕ್ ಆದ ಪಾತ್ರಗಳು ಒಂದೊಂದೇ ಕಾಣಿಸಿಕೊಂಡವು. ಮೈಸೂರಿನವರದು ಮೊದಲನೆಯದು... ಕೆಂಪವ್ವ ಅಲ್ಲ. ಎರಡನೆಯದು... ಅದೂ ಅಲ್ಲ!

"ಬ್ಲಾಕ್ ಮಾಡ್ಲಿಲ್ಲ ಕಣೇ!" ಸುಶ್ಮಿತಾ ಅವಳ ತೋಳು ಹಿಂಡಿದಳು. "ಅವಳನ್ನ ಲೆಕ್ಕಕ್ಕೇ ಇಟ್ಟಿಲ್ಲ ಇವ್ರು! ತಗೋ, ಹಿಡಿ ಬೇಗ!"

ತನುಶ್ರೀ ಕೆಂಪವ್ವನನ್ನು ಆರಿಸಿ, ಹಿಂದಿನ ಸಾಲಿನತ್ತ ತಿರುಗಿ ನೋಡಿದಳು.

ಸೆರಗು ಆರು ಸೆಕೆಂಡೇ ಇದ್ದಿದ್ದರೆ ಇವತ್ತೂ ಕೆಂಪವ್ವ ಆಚೆಯೇ ಕೂರಬೇಕಿತ್ತು, ಹೋದ ವರ್ಷದ ಹಾಗೆ. ಕತ್ತರಿಸಿದ್ದಕ್ಕೇ ಅವಳು ಒಳಗೆ ಬಂದಿದ್ದಾಳೆ. 'ಇವನಿಗೆ ಗೊತ್ತಿತ್ತು! ಅವತ್ತು ಅಷ್ಟು ಬೇಡಿಕೊಂಡರೂ ಬಾಯಿ ಬಿಡಲಿಲ್ಲವಲ್ಲ, ಎಂಥಾ ಕಲ್ಲು ಇವನು!'

ಸಿಟ್ಟೋ, ಅಳುವೋ, ಅವಳಿಗೇ ತಿಳಿಯಲಿಲ್ಲ. ಅದೇ ಬಿಸಿಯಲ್ಲಿ ಆಡಿದಳು.

ಕೊನೆಯ ಕಾದಾಟದಲ್ಲಿ ಮೈಸೂರಿನವರು ಐದೂ ಜನ ಒಟ್ಟಿಗೆ ನುಗ್ಗಿದರು. "ಸೆರಗು ಹಾಸೇ! ಹಾಸೇ!" ಎಂದು ಸುಶ್ಮಿತಾ ಕಿರುಚಿದಳು. ತನುಶ್ರೀ ಹಾಸಲಿಲ್ಲ. ಸುಶ್ಮಿತಾಳ ಪಾತ್ರದ ಪ್ರಾಣ ಕೂದಲೆಳೆಯಷ್ಟು ಉಳಿಯುವವರೆಗೂ ಕಾದಳು. ಎದುರಿನವರು ತಮ್ಮ ಬಲವನ್ನೆಲ್ಲ ಸುರಿದ ಆ ಕ್ಷಣಕ್ಕೆ ಕೆಂಪು ಸೆರಗು ಹರಡಿತು. ಒಬ್ಬರೂ ಸಾಯಲಿಲ್ಲ! ಮೈಸೂರಿನವರ ಕೈ ಬರಿದಾಗಿತ್ತು. ಕೋಟೆ ಬಿತ್ತು.

ಸುಶ್ಮಿತಾ ಅಳುತ್ತಾ ಬಂದು ತಬ್ಬಿಕೊಂಡಳು. "ಎಲ್ಲೂ ಹೋಗ್ಬೇಡ ಕಣೇ ನೀನು... ಹೋದ್ರೆ ಕಾಲು ಮುರೀತೀನಿ!"

ಅವಳನ್ನು ಬಿಡಿಸಿಕೊಂಡು ತನುಶ್ರೀ ನೇರ ಹಿಂದಿನ ಸಾಲಿಗೆ ನಡೆದಳು. ನಾಗಭೂಷಣ್ ಎದ್ದು ನಿಂತ.

"ಮೊದಲೇ ಹೇಳೋಕೆ ಏನ್ರೀ ದಾಡಿ ನಿಮಗೆ?"

"ಹೇಳಿದ್ರೆ, ಆಟ ಮಾಡಿದೋನೇ ಗೆಲ್ಲಿಸ್ದ ಅಂತಿದ್ರು ಜನ. ಆಗ ಇದು ನಿಮ್ಮ ಗೆಲುವಾಗ್ತಿತ್ತಾ?"

ಅವನ ಮಾತು ಸರಿ ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೂ ಕೋಪ ಬಂತು.

"ನನಗೋಸ್ಕರ ಇಳಿಸಿದ್ರಾ ಅವಳನ್ನ?"

"ಇಲ್ಲ. ಆಗ ನೀವು ಯಾರು ಅಂತಾನೇ ಗೊತ್ತಿರ್ಲಿಲ್ಲ. ಅವಳು ಅಷ್ಟು ಗೆಲ್ತಿದ್ದಕ್ಕೇ, ದೊಡ್ಡ ಆಟ ಅಂದ್ರೆ ಸಾಕು, ಎಲ್ಲರೂ ಅವಳನ್ನೇ ಬ್ಲಾಕ್ ಮಾಡ್ತಿದ್ರು. ಅಷ್ಟು ಶಕ್ತಿ ಇಟ್ಕೊಂಡು ಯಾವಾಗ್ಲೂ ಆಚೆ ಕೂತಿದ್ರೆ ಏನ್ ಬಂತು?"

"ಮುಂದಿನ ಅಪ್‌ಡೇಟಲ್ಲಿ ಮತ್ತೆ ಕತ್ತರಿಸ್ತೀರಾ?"

"ಗೊತ್ತಿಲ್ಲ. ಕೆಂಪವ್ವ ಈಗ ನನ್ನ ಕೈಲಿಲ್ಲ."

"ಅಂದ್ರೆ?"

ನಾಗಭೂಷಣ್ ಕತ್ತು ಕೆರೆದುಕೊಂಡ. "ನಿಮ್ಮನೇಗೆ ಬಂದು ಹೋದ ಮಾರನೇ ದಿನಾನೇ ಆಫೀಸಲ್ಲಿ ಹೇಳ್ಬಿಟ್ಟೆ. ಆ ಪಾತ್ರಾನ ಬೇರೆಯೋರಿಗೆ ಕೊಡಿ ಅಂತ. ಕಾರಣ ಕೇಳಿದ್ರು."

"ಏನಂದ್ರಿ?"

"ಅದನ್ನ ಆಡೋ ಹುಡುಗಿ ಮೇಲೆ ನನಗೆ ಮನಸ್ಸಾಗಿದೆ, ಇನ್ಮೇಲೆ ನನ್ನ ಲೆಕ್ಕ ನೆಟ್ಟಗಿರಲ್ಲ ಅಂದೆ."

ತನುಶ್ರೀಯ ಮುಖ ಕಿವಿಯವರೆಗೂ ಕೆಂಪಾಯಿತು. ಸಭಾಂಗಣದ ಗದ್ದಲವೆಲ್ಲ ಎಲ್ಲೋ ದೂರ ಸರಿದಂತಾಯಿತು. ಅಷ್ಟು ಬೈಸಿಕೊಂಡು ಹೋದವನು, ಮರುದಿನವೇ ತನ್ನ ಇಷ್ಟದ ಪಾತ್ರವನ್ನೇ ಬಿಟ್ಟುಕೊಟ್ಟು ಬಂದಿದ್ದನೇ?

"ಊರಿಗೆಲ್ಲಾ ಹೇಳ್ಕೊಂಡು ಬಂದಿದೀರ! ನನಗೊಬ್ಬಳಿಗೆ ಹೇಳೋಕೆ ಆಗ್ಲಿಲ್ವಾ?"

"ಹೇಳೋಕೆ ಬಂದಾಗ ಸೂಜಿ ಚುಚ್ಚಿದ್ರಲ್ಲ..."

ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣೀರು ಇಳಿಯಿತು. ಅಂಗೈಯಲ್ಲಿ ಒರೆಸಿಕೊಂಡು, ಗದರಿಸುವಂತೆಯೇ, "ಈಗ ಹೇಳಿ" ಎಂದಳು.

"ನೀವಂದ್ರೆ ನನಗೆ ತುಂಬಾ ಇಷ್ಟ ತನುಶ್ರೀ."

"ನನಗೂ..." ಎಂದಳು ಅವಳು. "ಆದ್ರೆ ನನ್ನ ಕೋಪ ಹಿಂಗೇ. ಮದುವೆ ಆದ್ಮೇಲೂ ಹಿಂಗೇ ಇರುತ್ತೆ."

"ಇರಲಿ. ಒಂದು ಚೂರೂ ಇಳಿಸ್ಬೇಡಿ."

ಅವಳು ಅವನ ಕೈ ಹಿಡಿದು ಬಾಗಿಲ ಕಡೆಗೆ ಎಳೆದಳು.

"ಎಲ್ಲಿಗೆ?"

"ನಮ್ಮನೇಗೆ. ಎಲ್ಲರ ಮುಂದೆ ನಿಮ್ಮನ್ನ ಬೇಡ ಅಂದೋಳು ನಾನು. ಬೇಕು ಅನ್ನೋದನ್ನೂ ನಾನೇ ಹೇಳ್ಬೇಕು."